ಶರಣವ್ವ ಮತ್ತು ಮೂರನೇ ನಂಬರಿನ ಕುರ್ಚಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಕುರ್ಚಿಯ ಬಣ್ಣ ಹಸಿರು ಎಂದೇ ನನ್ನ ನೆನಪು. ಆದರೆ ಅದೇ ಕುರ್ಚಿ ಈಗ ಡೊಂಬಿವಲಿಯಲ್ಲಿ ಅಣ್ಣನ ಮನೆಯಲ್ಲಿದೆ, ಮೇಲೆ ಬೂದು ಬಣ್ಣ ಬಳಿದಿದ್ದಾರೆ, ಅದು ಕಿತ್ತು ಬಂದ ಕಡೆ ಅಡಿಯಲ್ಲಿ ನೀಲಿ ಕಾಣುತ್ತದೆ. ಪ್ರಶ್ನೆ ಕೇಳಲು ನಾನು ಹೋದ ಮನೆಗಳು ಹನ್ನೊಂದು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ, ಒಂಬತ್ತೂ ಇರಬಹುದು. ಆಗ ನಾನು ದಿನಚರಿ ಬರೆಯುತ್ತಿದ್ದೆ. ಆ ವಾರದ ಪುಟಗಳನ್ನು ತೆಗೆದು ನೋಡಿದರೆ ಲೋಕಲ್ ರೈಲು ತಡವಾದದ್ದಿದೆ, ಗ್ರಂಥಾಲಯದಲ್ಲಿ ಕೇಳಿದ ಪುಸ್ತಕ ಸಿಗದೇ ಹೋದದ್ದಿದೆ, ಬೇಕಾದದ್ದು ಇಲ್ಲ. ಒಂದನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಳ್ಳುವುದು ಸಾಧ್ಯವಿಲ್ಲ. ಅದು ಶರಣವ್ವ ಪ್ರಶ್ನೆ ಕೇಳುತ್ತಿದ್ದ ರೀತಿ.

ಅವಳನ್ನು ಏನು ಕೇಳಿದರೂ ಉತ್ತರ ಕೊಟ್ಟು, ಅದೇ ಪ್ರಶ್ನೆಯನ್ನು ನಮ್ಮ ಕಡೆ ತಿರುಗಿಸುತ್ತಿದ್ದಳು. ಊಟ ಆಯಿತಾ ಎಂದರೆ ನಿನ್ನದಾಯಿತಾ ಎಂದು ಯಾರು ಬೇಕಾದರೂ ಕೇಳುತ್ತಾರೆ. ಅವಳು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಏನು ಉಂಡೆ, ಯಾರು ಬಡಿಸಿದರು, ಸಾಕಾಯಿತೋ ಇಲ್ಲವೋ, ಎಲ್ಲ ಬೇಕು. ನಾವು ಹೇಳಿ ಮುಗಿಸುವ ತನಕ ಕೈಯಲ್ಲಿದ್ದ ಪಾತ್ರೆ ನೀರಿಗೆ ಹೋಗುತ್ತಿರಲಿಲ್ಲ. "ನೀ ಒಂದು ಕೇಳಿದಿ, ನಾ ಹೇಳಿದೆ. ಈಗ ನನ್ನ ಪಾಳಿ. ಬರೇ ನೀನೇ ಕೇಳಕೋತ ಹೋದ್ರ ಅದು ಪೊಲೀಸ್ ಚೌಕಿ ಆತದ" ಎನ್ನುತ್ತಿದ್ದಳು.

ಕಲಬುರ್ಗಿಯ ಕಡೆಯವಳು. ಗಂಡ ಮಾಲು ಇಳಿಸುವ ಹಮಾಲ. ಇವಳು ಮೊದಲು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳಂತೆ. ಕಾಂಕ್ರೀಟ್ ಕಲಸುವ ಯಂತ್ರಕ್ಕೆ ಎಡಗೈಯ ತೋರುಬೆರಳಿನ ತುದಿ ಹೋದ ಮೇಲೆ ಭಾಂಡಿ ತಿಕ್ಕಲು ಬಂದಳು. ದಿನಾ ಮುಂಬ್ರಾದಿಂದ ಲೋಕಲ್ ಹಿಡಿದು ಠಾಣೆಗೆ ಬಂದು, ಕೋಪರಿಯ ನಮ್ಮ ಚಾಳಿನಲ್ಲಿ ಮೂರು ಮನೆಗಳ ಪಾತ್ರೆ ತೊಳೆಯುತ್ತಿದ್ದಳು. ಹಣೆಯ ನಡುವೆ ಹಚ್ಚೆಯ ಮೂರು ಚುಕ್ಕಿ, ಬೆಳ್ಳಿಯ ಕಾಲ್ಗಡಗ, ಗಿಡ್ಡ ಗಟ್ಟಿ ಆಳು. ತಿಕ್ಕುವ ಮೊದಲು ಪ್ರತಿ ಪಾತ್ರೆಯನ್ನೂ ಮೂಗಿನ ಹತ್ತಿರ ಹಿಡಿದು ನಮ್ಮ ಅಡುಗೆಯ ಬಗ್ಗೆ ತೀರ್ಪು ಕೊಡುತ್ತಿದ್ದಳು. "ಇವತ್ತ ಹುಳಿ ಜಾಸ್ತಿ ಆಗ್ಯದ ಬಾಯಿ. ಯಾರ ಮ್ಯಾಲ ಸಿಟ್ಟಿತ್ತು?" ಅಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಮ್ಮ ಹಾಗೆ ನಕ್ಕದ್ದನ್ನು ನಾನು ಬೇರೆ ಯಾರ ಎದುರೂ ಕಂಡಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರೂ ಅಡುಗೆಮನೆಯ ಹೊಸ್ತಿಲ ಎರಡು ಬದಿಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅಮ್ಮ ಒಳಗೆ, ಶರಣವ್ವ ಹೊರಗೆ. ಅಮ್ಮ ಎಲೆಯನ್ನು ತುಸು ಮೇಲಿನಿಂದ ಅವಳ ಅಂಗೈಗೆ ಬಿಡುತ್ತಿದ್ದಳು, ಬೆರಳು ತಾಗದ ಹಾಗೆ. ಅವಳ ಚಹಾದ ಗ್ಲಾಸು ಪಾತ್ರೆ ತೊಳೆಯುವ ಮೋರಿಯ ಮೇಲಿನ ಕಿಟಕಿಯಲ್ಲಿ ಮಗುಚಿ ಇರುತ್ತಿತ್ತು. ಅದನ್ನು ತೊಳೆದಿಡುವುದೂ ಅವಳೇ.

ಅವಳು, ಅವಳು ಎಂದೇ ಬರೆಯುತ್ತಿದ್ದೇನೆ. 'ಅವರು' ಎಂದು ತಿದ್ದೋಣವೆಂದು ಎರಡು ಸಲ ಪ್ರಯತ್ನಿಸಿದೆ. ಹಾಗೆ ಬರೆದರೆ ನಮ್ಮ ಮನೆ ಇದ್ದದ್ದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಕುರ್ಚಿಗಳ ವಿಷಯ ಹೇಳಬೇಕು. ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು. ಅಪ್ಪ ಕಲ್ಯಾಣದಲ್ಲಿ ಒಬ್ಬರ ಜೊತೆ ಪಾಲಿನಲ್ಲಿ ಸಣ್ಣ ಹೋಟೆಲು ನಡೆಸಿದ್ದರು. ಪಾಲು ಮುರಿದಾಗ ಅವರಿಗೆ ಅಂತ ಉಳಿದದ್ದು ನಾಲ್ಕು ಕಬ್ಬಿಣದ ಮಡಚುವ ಕುರ್ಚಿ. ಹೋಟೆಲಿನಲ್ಲಿದ್ದಾಗಲೇ ಅವುಗಳ ಬೆನ್ನಿಗೆ ಕೆಂಪು ಬಣ್ಣದಲ್ಲಿ ಕನ್ನಡ ಅಂಕಿ ಬರೆದಿದ್ದರು, ಒಂದರಿಂದ ನಾಲ್ಕು. ಆಮೇಲೆ ಬೇರೆಯವರ ಹೋಟೆಲಿನ ಗಲ್ಲಾದಲ್ಲಿ ಕೂರುವ ಕೆಲಸ ಹಿಡಿದರು. ಮನೆಗೆ ಬಂದರೆ ಒಂದನೇ ನಂಬರಿನದರಲ್ಲಿ ಮಾತ್ರ ಕೂರುತ್ತಿದ್ದರು. ಮೂರನೆಯದರ ಕಾಲು ಮುರಿದಾಗ ಅದನ್ನು ಎಸೆಯಲು ಬಿಡಲಿಲ್ಲ; ಚಾಳಿನ ಜಿನೆಯ, ಅಂದರೆ ಮೆಟ್ಟಿಲುಗಳ, ಕೆಳಗೆ ಗೋಣಿ ಮುಚ್ಚಿ ಇಡಿಸಿದರು. ಅಪ್ಪ ಕೈ ಮಾಡುವವರಲ್ಲ. ಅವರದು ಬೇರೆ ತರಹ. ತಮ್ಮ ಹಳೆಯ ಅಂಗಿಯೊಂದನ್ನು ಆ ಪಾಲುದಾರನ ಹೋಟೆಲಿನ ಮಾಣಿಗೆ ಅಮ್ಮ ಕೊಟ್ಟಳೆಂದು ಒಂದು ಮಳೆಗಾಲವಿಡೀ ಅಮ್ಮನ ಜೊತೆ ಮಾತಾಡಿರಲಿಲ್ಲ. ಏನು ಬೇಕಾದರೂ ನನ್ನ ಹತ್ತಿರ ಹೇಳುತ್ತಿದ್ದರು, ಅಮ್ಮ ಅಲ್ಲೇ ನಿಂತಿದ್ದರೂ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ನಮ್ಮ ಪ್ರಾಧ್ಯಾಪಕರ ಸಂಶೋಧನೆಯೊಂದಕ್ಕೆ ಸೇರಿದ್ದೆ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯ ಝೋಪಡಿಗಳಲ್ಲಿ ಬಡವರು ಎಷ್ಟು ಬಡವರು, ಬಡವರೊಳಗೇ ಮೇಲು ಕೀಳು ಹೇಗಿದೆ ಎಂದು ಮನೆ ಮನೆ ಕೇಳಿ ಬರೆಯುವ ಕೆಲಸ. ಮುಂಬ್ರಾದ ಗುಡ್ಡದ ಬುಡದಲ್ಲಿ ಕನ್ನಡದವರ ವಸ್ತಿಯಿದೆ, ನಿನಗೆ ಭಾಷೆ ಬರುತ್ತದೆ, ನೀನು ಹೋಗು ಎಂದರು ಸರ್. ನನಗೆ ಬರುತ್ತಿದ್ದ ಕನ್ನಡಕ್ಕೂ ಅಲ್ಲಿಯ ಕನ್ನಡಕ್ಕೂ ನಡುವೆ ಎಷ್ಟು ಸ್ಟೇಷನ್ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಶರಣವ್ವನನ್ನು ಕೇಳಿದೆ. "ಬಾ, ನನ್ನ ಬೆನ್ನಿಗೆ ಬಾ. ಒಬ್ಬಾಕಿನೇ ಬಂದ್ರ ರೇಷನ್ ಕಾರ್ಡ್ ಕಿತ್ತುಕೊಳ್ಳಾಕ ಬಂದಾಳಂತ ಓಡಸ್ತಾರ" ಎಂದಳು.

ಆ ವರ್ಷ ಅವಳ ತಲೆಯಲ್ಲಿದ್ದದ್ದು ಒಂದೇ ವಿಷಯ, ಮಗಳು ಮಾದೇವಿಯ ಮದುವೆ. ಶಹಾಡ್‌ನಲ್ಲಿ ಕಾರ್ಖಾನೆಯ ಕಾಯಂ ಕೆಲಸದಲ್ಲಿದ್ದ ಹುಡುಗ. ಅವರ ಪೈಕಿಯಲ್ಲಿ ಕಾಯಂ ಕೆಲಸದವನು ಸಿಗುವುದೆಂದರೆ ಸಣ್ಣ ಮಾತಲ್ಲ. ಹುಡುಗನ ಕಡೆಯವರು ಬಂದು ನೋಡಿ ಹೋಗಿದ್ದರು, ಒಪ್ಪಿಗೆಯ ಸೀರೆ ಕೊಟ್ಟಿದ್ದರು. ಮಳೆಗಾಲಕ್ಕೆ ಮೊದಲು ಮದುವೆ. ಲೋಕಲಿನಲ್ಲಿ ಮುಂಬ್ರಾದ ತನಕ ಅವಳು ಹೇಳಿದ್ದೆಲ್ಲ ಇದನ್ನೇ.

ಅವಳದೇ ಮನೆಯಿಂದ ಶುರು ಮಾಡಿದೆ. ತಗಡಿನ ಗೋಡೆ, ಸೆಗಣಿ ಸಾರಿಸಿದ ನೆಲ, ನಡುವೆ ಒಂದು ಮಡಚುವ ಕುರ್ಚಿ, ನನಗಾಗಿ. ಕೂತು ಫೈಲು ತೆರೆದೆ. ಎಲ್ಲರನ್ನೂ ಗೌರವದಿಂದ ಮಾತಾಡಿಸಬೇಕು ಎಂದು ನಮಗೆ ಮೊದಲೇ ಹೇಳಿಕೊಟ್ಟಿದ್ದರು.

"ನಿಮ್ಮ ಪೂರ್ತಿ ಹೆಸರು ಹೇಳಿ" ಎಂದೆ.

ಶರಣವ್ವ ಹಿಂತಿರುಗಿ ಬಾಗಿಲ ಕಡೆ ನೋಡಿದಳು. "ಯಾರಿಗಂತಿ?"

"ನಿಮಗೇ."

"ಮುಂಜಾನಿ ಕೋಪರಿಯಾಗ ಶರಣವ್ವ, ನೀ, ಬಾ, ಹೋಗು. ಕಳವಾ ಸ್ಟೇಷನ್ ದಾಟಿದ ಕೂಡ್ಲೇ ನೀವು ಆದೆನಾ?" ಬಾಗಿಲಲ್ಲಿ ಸೇರಿದ್ದ ಹೆಂಗಸರು ಗೊಳ್ಳೆಂದರು. "ಫೈಲ್ ತಂದೀ ನೋಡು, ಫೈಲಿಗೆ ಕೊಟ್ಟ ಮರ್ಯಾದಿ ಅದು. ಕೇಳು, ಕೇಳು."

ಕೇಳುತ್ತ ಹೋದೆ. ಪ್ರತಿಯೊಂದನ್ನೂ ಅವಳು ತಿರುಗಿ ಕೇಳಿದಳು. ಎಷ್ಟು ಜನ, ಎಷ್ಟು ಕಲಿತವರು, ಯಾರ ಜಮೀನು ಯಾರಿಗೆ ಹೋಯಿತು. ಹೆಂಗಸರಿಗೆ ನನ್ನ ಉತ್ತರಗಳಲ್ಲೇ ಹೆಚ್ಚು ಆಸಕ್ತಿ. ಒಂದು ಪ್ರಶ್ನೆ ಹೀಗಿತ್ತು: ನೀರು, ಪಾತ್ರೆ, ಊಟದ ವಿಷಯದಲ್ಲಿ ನಿಮ್ಮನ್ನು ಯಾರಾದರೂ ಬೇರೆಯಾಗಿ ನಡೆಸಿಕೊಳ್ಳುತ್ತಾರೆಯೇ?

ಈ ಒಂದಕ್ಕೆ ಮಾತ್ರ ಅವಳು ಉತ್ತರ ಕೊಡದೆ ಕೇಳಿದಳು. "ನಿಮ್ಮನ್ಯಾಗ ನನ್ನ ಗಿಲಾಸ ಎಲ್ಲಿರ್ತದ?"

ನಾನು ಪೆನ್ನಿನ ಮುಚ್ಚಳ ಹುಡುಕುವವಳಂತೆ ಮಾಡಿದೆ.

"ನಿನ್ನ ಪಾಳಿ. ಹೇಳು."

"ಕಿಟಕಿಯಲ್ಲಿ."

"ಯಾವ ಕಿಟಕಿ?"

"ಮೋರಿಯ ಮೇಲಿನ ಕಿಟಕಿ."

"ಹ್ಞಾಂ. ಹಂಗೇ ಬರಕೋ."

ಹಾಗೇ ಬರೆದುಕೊಳ್ಳಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಹೌದು, ಇಲ್ಲ, ಎರಡೇ ಚೌಕ. ಪಕ್ಕದಲ್ಲಿ 'ಯಾರಿಂದ' ಎಂದು ಒಂದು ಗೆರೆ. ಹೌದು ಎಂದು ಗುರುತು ಹಾಕಿ, ಗೆರೆಯ ಮೇಲೆ 'ಕೆಲಸದ ಮನೆಗಳಲ್ಲಿ' ಎಂದು ಬರೆದೆ. ಮೂರು ಮನೆಗಳ ನಡುವೆ ನಮ್ಮ ಮನೆಯನ್ನು ಅಡಗಿಸಿದೆ. ಶರಣವ್ವನಿಗೆ ಓದು ಬರುತ್ತಿರಲಿಲ್ಲ. ಆದರೂ ನಾನು ಬರೆದ ಸಾಲಿನ ಉದ್ದವನ್ನು ನೋಡಿ "ಕಿಟಕಿ ಅನ್ನಾಕ ಇಷ್ಟುದ್ದ ಬೇಕಾ?" ಎಂದಳು.

ಆಮೇಲೆ ಸಾಮಾನುಗಳ ಪಟ್ಟಿ. ಗಡಿಯಾರ, ರೇಡಿಯೋ, ಸೈಕಲ್, ಮಂಚ, ಕುರ್ಚಿ. ಒಂದೊಂದಕ್ಕೂ ಇಂತಿಷ್ಟು ಅಂಕ. ಒಟ್ಟು ಸೇರಿಸಿ ಮನೆಯನ್ನು ಒಂದು ಮೆಟ್ಟಿಲ ಮೇಲೆ ಕೂರಿಸಬೇಕು. ಕುರ್ಚಿ ಇದೆಯೇ ಎಂದು ಕೇಳುವ ಅಗತ್ಯ ಬೀಳಲಿಲ್ಲ, ಗುರುತು ಹಾಕಿದೆ. ಎರಡನೇ ಮನೆಯಲ್ಲೂ ಕುರ್ಚಿ. ಮೂರನೆಯದರಲ್ಲೂ ಕುರ್ಚಿ. ಇಷ್ಟು ಕುರ್ಚಿಗಳೇ ಎಂದು ಸಣ್ಣ ಆಶ್ಚರ್ಯವಾಯಿತು, ಅಷ್ಟೇ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಶರಣವ್ವ ನನ್ನನ್ನು ಓಣಿಯಲ್ಲಿ ನಿಲ್ಲಿಸುತ್ತಿದ್ದಳು. ಇಲ್ಲಿ ನೋಡು ಬಂಡೆ ಸೀಳಿದ್ದು, ಇಲ್ಲಿ ನೋಡು ನಲ್ಲಿ ಹಾಕುತ್ತೇವೆಂದು ತೋಡಿ ಬಿಟ್ಟ ಗುಂಡಿ, ಈ ಆಡಿಗೆ ಒಂದು ಕಿವಿ ಯಾಕಿಲ್ಲ ಗೊತ್ತೇನು? ನಾಲ್ಕನೇ ಮನೆಗೆ ಹೋಗುವಾಗ ನನಗೆ ಆಡನ್ನು ನೋಡುವ ತಾಳ್ಮೆಯಿರಲಿಲ್ಲ, ಮುಂದೆ ಹೋಗಿಬಿಟ್ಟೆ. ಹಿಂದಿನ ಓಣಿಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಕುರ್ಚಿ ಹೊತ್ತು ಓಡಿಬಂದು, ಏದುಸಿರು ಬಿಡುತ್ತ ಅದನ್ನು ನನ್ನ ಎದುರೇ ಬಿಡಿಸಿಟ್ಟು, ಸೆರಗಿನಿಂದ ಒರೆಸಿ, "ಕುಂಡ್ರಿ ಬಾಯಿ" ಎಂದಳು.

ಯಾರೂ ನಗಲಿಲ್ಲ. ನಾನು ಕೂತೆ.

"ಕುರ್ಚಿ ಇದೆಯಾ?" ಎಂದೆ, ಏನಾದರೂ ಕೇಳಬೇಕೆಂದು.

"ಅದ ಬಾಯಿ. ಅದರ ಮ್ಯಾಲೇ ಕುಂತೀರಲ್ಲ" ಎಂದಳು ಆ ಮನೆಯವಳು.

ಶರಣವ್ವ ಬಾಗಿಲಲ್ಲಿ ನಿಂತಿದ್ದಳು. "ಬಂದವರನ್ನ ನೆಲದ ಮ್ಯಾಲ ಕುಂಡರಸಬೇಕೇನು? ಶಹಾಡದವರೂ ಇದರ ಮ್ಯಾಲೇ ಕುಂತು ಹ್ಞೂಂ ಅಂದಾರ. ಈಗ ನೀ ಹೇಳು, ನಿಮ್ಮನ್ಯಾಗ ಕುರ್ಚಿ ಎಷ್ಟವ?"

"ನಾಲ್ಕು" ಎಂದು, ಹೆಗಲ ಚೀಲವನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಲು ತಿರುಗಿದೆ. ಕೆಂಪು ಬಣ್ಣದಲ್ಲಿ ಕನ್ನಡದ ಮೂರು. ಅಪ್ಪನ ಕೈಬರಹ. ಮುರಿದಿದ್ದ ಕಾಲಿಗೆ ಕಟ್ಟಡದ ಸರಳಿನ ತುಂಡು ಕೊಟ್ಟು, ತಂತಿಯಿಂದ ಬಿಗಿದು, ಕೆಳಗೆ ಸೈಕಲ್ ಟಯರಿನ ರಬ್ಬರು ತೊಡಿಸಿದ್ದರು. ನಾಲ್ಕಲ್ಲ ಮೂರು ಎಂದು ನಾನು ಉತ್ತರವನ್ನು ತಿದ್ದಿಕೊಳ್ಳಬೇಕಿತ್ತು.

ಆ ದಿನ ನಾನು ಅವಳನ್ನು ನೂರು ಪ್ರಶ್ನೆ ಕೇಳಿದ್ದೇನೆ. ಈ ಕುರ್ಚಿ ನಿನಗೆ ಹೇಗೆ ಬಂತು ಎಂಬುದನ್ನು ಕೇಳಲಿಲ್ಲ. ಕದ್ದಿರಬಹುದು ಎಂದು ಅನ್ನಿಸಿತ್ತೇ? ಅನ್ನಿಸಿತ್ತು. ಮುರಿದದ್ದು ತಾನೇ, ಪಾಪ, ಇರಲಿ ಎಂದು ಮನಸ್ಸಿನಲ್ಲೇ ಕ್ಷಮಿಸಿಯೂ ಇದ್ದೆ. ಆ ಕ್ಷಮೆಯನ್ನು ಈಗ ನೆನೆಸಿಕೊಂಡರೆ ಆಮೇಲೆ ನಡೆದದ್ದಕ್ಕಿಂತ ಹೆಚ್ಚು ಅಸಹ್ಯವಾಗುತ್ತದೆ.

ಸಂಜೆ ಅಪ್ಪನಿಗೆ ರಜೆಯಿತ್ತು. ಊಟಕ್ಕೆ ಕೂತಾಗ ನಾನು ಕುರ್ಚಿಯ ಕಥೆ ಹೇಳಿದೆ. ಆಡಿನ ಕಿವಿ, ಓಣಿಯಲ್ಲಿ ಓಡುವ ಹೆಂಗಸು, 'ಕುಂಡ್ರಿ ಬಾಯಿ' ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅಪ್ಪ ನಕ್ಕರು. ಅವರು ನಗುವುದು ಅಪರೂಪ. ಇನ್ನೊಮ್ಮೆ ನಗಿಸುವ ಆಸೆಗೆ ಹೇಳಿದೆ: "ಕೊನೆಗೆ ನೋಡುವಾಗ ಅದರ ಬೆನ್ನಲ್ಲಿ ಮೂರು ಅಂತ ಉಂಟು. ನಮ್ಮದೇ ಕುರ್ಚಿ."

ಅಮ್ಮ ಅಪ್ಪನ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಸೌಟು ತಟ್ಟೆಯ ಮೇಲೆ ನಿಂತಿತು. ಒಂದು ಹನಿ ಬಿತ್ತು. ಆಮೇಲೆ ಬಡಿಸಿದಳು.

ಅಪ್ಪ ಎದ್ದು, ಕೈ ತೊಳೆಯದೆ, ಬನಿಯನಿನಲ್ಲೇ ಕೆಳಗೆ ಹೋದರು. ಜಿನೆಯ ಕೆಳಗೆ ಗೋಣಿ ಎಳೆದ ಸದ್ದು ಮೇಲಕ್ಕೆ ಕೇಳಿಸಿತು. ಬಂದು, ಅಮ್ಮನನ್ನು ಕೇಳಿದರು. "ಅದು ಅಲ್ಲಿಗೆ ಹೋದದ್ದು ಹೇಗೆ? ನಿನಗೆ ಗೊತ್ತುಂಟಾ?"

"ನನಗೆಂತ ಗೊತ್ತು" ಎಂದಳು ಅಮ್ಮ.

ಸೌಟು ನಿಂತಾಗಲೇ ನನಗೆ ಎಲ್ಲ ಹೊಳೆಯಿತು ಎಂದು ಈಗ ಬರೆಯುವುದು ಸುಲಭ. ಏನೂ ಹೊಳೆಯಲಿಲ್ಲ ಎಂದು ಬರೆಯುವುದೂ ಅಷ್ಟೇ ಸುಲಭ. ಆ ರಾತ್ರಿಯ ದಿನಚರಿಯಲ್ಲಿ, ಮುಂಬ್ರಾದಲ್ಲಿ ಕೆಲಸ ಚೆನ್ನಾಗಿ ನಡೆಯಿತು ಎಂದಿದೆ.

ಮರುದಿನ ಬೆಳಿಗ್ಗೆ ಶರಣವ್ವ ಬರುವಾಗ ಅಪ್ಪ ಒಂದನೇ ನಂಬರಿನ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಹಾಕಿ ಕೂತಿದ್ದರು. ಅಕ್ಕಪಕ್ಕದವರು ಕೆಳಗಿನ ನಲ್ಲಿಗೆಂದು ಕೊಡ ಹಿಡಿದು ಮನೆಗಳ ಮುಂದಿನ ಗ್ಯಾಲರಿಯಲ್ಲಿ ನಿಂತಿದ್ದರು.

"ಕುರ್ಚಿ ಎಲ್ಲಿ?"

"ಯಾವ ಕುರ್ಚಿ ಸೇಠ್ರ?"

"ಮೂರನೇ ನಂಬರಿಂದು."

ಅವಳು ಮೊದಲು ನೋಡಿದ್ದು ನನ್ನನ್ನು. ಆಮೇಲೆ ಅಪ್ಪನ ಭುಜದ ಮೇಲಿಂದ ಒಳಗೆ, ಸ್ಟೋವಿನ ಮುಂದೆ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದ ಅಮ್ಮನನ್ನು. "ಮುಂಬ್ರಾದಾಗ ಅದ" ಎಂದಳು.

"ಅಲ್ಲಿಗೆ ಹೇಗೆ ಹೋಯ್ತು? ನಡೆದುಕೊಂಡು?"

"ಕಾಲು ಮುರಿದಿತ್ತರಿ. ನಾವೇ ಕೂಡಿಸೀವಿ."

ಗ್ಯಾಲರಿಯಲ್ಲಿ ಯಾರೋ ನಕ್ಕರು. "ಕೇಳಿದಿರಾ" ಎಂದು ಅಪ್ಪ ಅವರ ಕಡೆ ತಿರುಗಿದರು. ತಮ್ಮ ಮಾತಿಗೆ ನಗುವ ಜನ ಅವರಿಗೆ ಹೋಟೆಲು ಹೋದ ಮೇಲೆ ಸಿಕ್ಕಿರಲಿಲ್ಲ. "ಕದ್ದು ಕೊಂಡುಹೋದದ್ದಲ್ಲದೆ ರಿಪೇರಿಯನ್ನೂ ಮಾಡಿದ್ದಾಳೆ. ಮಜೂರಿ ಕೊಡಬೇಕೋ ಎಂತದೋ."

"ಬಾಯೀ" ಎಂದು ಕರೆದಳು ಶರಣವ್ವ. ಒಂದೇ ಸಲ, ದೊಡ್ಡ ದನಿಯಲ್ಲೂ ಅಲ್ಲ.

ಅಮ್ಮ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ತಿರುಗಲಿಲ್ಲ. "ಅವರು ಕೇಳಿದ್ದಕ್ಕೆ ಹೇಳು. ನನ್ನನ್ನು ಎಂತಕ್ಕೆ ಕರೆಯುದು?" ಎಂದಳು, ಸ್ಟೋವಿಗೆ ಹೇಳಿದ ಹಾಗೆ.

ಶರಣವ್ವ ಆ ಬೆನ್ನನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ನನಗೆ ಗೊತ್ತಿದ್ದ ಹಾಗೆ ಅವಳು ಏನನ್ನೂ ತಿರುಗಿ ಕೇಳದೆ ಹೋದದ್ದು ಆ ಒಂದೇ ಸಲ.

"ನಾಳೆ ತಂದಿಡು. ಆಮೇಲೆ ಈ ಚಾಳಿನೊಳಗೆ ಕಾಲು ಹಾಕಬೇಡ" ಎಂದರು ಅಪ್ಪ. ಉಳಿದ ಎರಡು ಮನೆಯವರೂ ಅಲ್ಲೇ ಇದ್ದರು. ತಮ್ಮ ಬೆಳ್ಳಿ ಚಮಚವೊಂದು ಕಾಣೆಯಾದದ್ದು ಒಬ್ಬರಿಗೆ ಆಗ ನೆನಪಾಯಿತು. ದೀಪಾವಳಿಗೆ ಮನೆ ಗುಡಿಸುವಾಗ ಕಪಾಟಿನ ಹಿಂದೆ ಆ ಚಮಚ ಸಿಕ್ಕಿತು. ಅದನ್ನು ಯಾರೂ ಗ್ಯಾಲರಿಯಲ್ಲಿ ನಿಂತು ಹೇಳಲಿಲ್ಲ. ನಮ್ಮಮ್ಮನಿಗೆ ಗುಟ್ಟಿನಲ್ಲಿ ಹೇಳಿದರು.

ಮರುದಿನ ಅವಳು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದಳು. ಲೋಕಲಿನ ಹೆಂಗಸರ ಡಬ್ಬಿಯಲ್ಲಿ, ಬೆಳಗಿನ ಗರ್ದಿಯಲ್ಲಿ, ಹೇಗೆ ತಂದಳೋ. ಮೇಲೆ ಬರಲಿಲ್ಲ. ಅಂಗಳದಲ್ಲಿ ನಲ್ಲಿಯ ಪಕ್ಕ ಅದನ್ನು ಬಿಡಿಸಿಟ್ಟಳು. ಆಮೇಲೆ, ನನ್ನ ನೆನಪಿನಲ್ಲಿ, ಅದರ ಮೇಲೆ ಕೂತಳು. ನಮ್ಮ ಮನೆಯಲ್ಲಿ ಒಂದು ದಿನವೂ ಕುರ್ಚಿಯ ಮೇಲೆ ಕೂರದವಳು, ಚಾಳಿನ ಎಲ್ಲರ ಎದುರು, ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ಕೈಯಿಟ್ಟು ಕೂತು, ಮೇಲೆ ನಮ್ಮ ಗ್ಯಾಲರಿಯನ್ನು ನೋಡಿ, ಎದ್ದು ಹೋದಳು. ಹಾಗೇನೂ ಆಗಲಿಲ್ಲ, ಇಟ್ಟು ಹೋದಳು ಎಂದು ಅಣ್ಣ ಹೇಳುತ್ತಾನೆ. ದಿನಚರಿಯಲ್ಲಿ 'ಕುರ್ಚಿ ಬಂತು' ಎಂಬ ಎರಡು ಶಬ್ದವಿದೆ.

ಮುಂದಿನ ವಾರ ಬೇರೆ ಕೆಲಸದವಳು ಬಂದಳು. ಕಿಟಕಿಯಲ್ಲಿದ್ದ ಅದೇ ಗ್ಲಾಸನ್ನು ಅಮ್ಮ ಅವಳಿಗೆ ತೋರಿಸಿದಳು.

ಎರಡು ತಿಂಗಳ ಮೇಲೆ, ಬಿಟ್ಟುಹೋದ ಉತ್ತರಗಳನ್ನು ತುಂಬಿಸಿಕೊಂಡು ಬರಲು ನನ್ನನ್ನು ಮತ್ತೆ ಮುಂಬ್ರಾಕ್ಕೆ ಕಳಿಸಿದರು. ಶರಣವ್ವನ ಬಾಗಿಲಿಗೆ ತಂತಿ ಸುತ್ತಿತ್ತು. ಅವತ್ತು ಕುರ್ಚಿ ಹೊತ್ತು ಓಡಿ ಬಂದಿದ್ದ ಹೆಂಗಸು ನೆಲವನ್ನು ತೋರಿಸಿ, "ಕೂಡು, ಈಗ ಇಷ್ಟೇ ಅದ" ಎಂದಳು. ಅವಳಿಂದಲೇ ಗೊತ್ತಾಯಿತು. ಶಹಾಡಿನವರ ನೆಂಟರೊಬ್ಬರು ಅದೇ ವಸ್ತಿಯಲ್ಲಿದ್ದರು. ಶರಣವ್ವ ಕುರ್ಚಿ ಹೊತ್ತು ಸ್ಟೇಷನ್ನಿಗೆ ಹೋದದ್ದನ್ನು ನೋಡಿದರು, ಯಾಕೆ ಎಂದು ತಿಳಿದುಕೊಂಡರು. ಕಳವಿನ ಕುರ್ಚಿಯ ಮೇಲೆ ನಮ್ಮನ್ನು ಕೂರಿಸಿ ಹೆಣ್ಣು ತೋರಿಸಿದಿರಿ ಎಂದು ಹುಡುಗನ ಕಡೆಯವರು ಸಂಬಂಧ ಮುರಿದು, ಕೊಟ್ಟ ಸೀರೆಯನ್ನು ವಾಪಸ್ ತರಿಸಿಕೊಂಡರು. ಗಂಡ, ಹೆಂಡತಿ, ಮಗಳು ಖಾಡಿಯ ಆಚೆ ಎಲ್ಲಿಗೋ ಕಟ್ಟಡದ ಕೆಲಸಕ್ಕೆ ಹೋದರು.

ನನ್ನ ಕಾಗದದಲ್ಲಿ, ಮನೆಯವರು ಸಿಗದಿದ್ದರೆ ಕಾರಣ ಬರೆಯಲು ಮೂರು ಚೌಕಗಳಿದ್ದವು. ವಲಸೆ, ಮರಣ, ನಿರಾಕರಣೆ. ವಲಸೆಗೆ ಗುರುತು ಹಾಕಿದೆ.

ಕುರ್ಚಿಯ ವಿಷಯ ಪ್ರಾಧ್ಯಾಪಕರಿಗೆ ಹೇಳಿದಾಗ ಅವರು ಮೇಜು ಕುಟ್ಟಿ ಶಹಬ್ಬಾಸ್ ಎಂದರು. ನಾವು ಸಾಮಾನು ಎಣಿಸುತ್ತೇವೆ, ಅವರು ಮರ್ಯಾದೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಇದರ ಮೇಲೇ ಒಂದು ಪ್ರಬಂಧ ಬರೆ ಎಂದರು. ಬರೆದೆ. ಅದರಲ್ಲಿ ಶರಣವ್ವ 'ಮಾಹಿತಿ ನೀಡಿದ ಮಹಿಳೆ, ಹನ್ನೆರಡು'. ವಿಚಾರಗೋಷ್ಠಿಯಲ್ಲಿ ಓದಿದಾಗ ಆಡಿನ ಕಿವಿಯ ಹತ್ತಿರ ಸಭೆ ನಕ್ಕಿತು; ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂದು ಊಟದ ದಿನವೇ ನನಗೆ ತಿಳಿದಿತ್ತಲ್ಲ. ಮೂರನೇ ನಂಬರು ಎಂಬಲ್ಲಿಗೆ ನಾನು ಹೋಗಲಿಲ್ಲ. ಕೊನೆಯಲ್ಲಿ ಒಬ್ಬರು, ಆ ಕುರ್ಚಿ ಈಗ ಎಲ್ಲಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವತ್ತು ಬೆಳಿಗ್ಗೆ ಅದರ ಮೇಲೆ ಕೂತೇ ಚಪ್ಪಲಿಯ ಪಟ್ಟಿ ಬಿಗಿದುಕೊಂಡು ಬಂದಿದ್ದೆ. ಆ ಪ್ರಬಂಧದಿಂದ ನನಗೆ ಮುಂದೆ ಓದುವ ಅವಕಾಶ ಸಿಕ್ಕಿತು, ಆಮೇಲೆ ವಾಶಿಯಲ್ಲಿ ಕಾಲೇಜಿನ ಕೆಲಸ.

ಅಪ್ಪ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ವಾಶಿಯಲ್ಲಿ ಆಗ ಎಲ್ಲಿ ನೋಡಿದರೂ ಅರ್ಧ ಎದ್ದ ಕಟ್ಟಡ. ಒಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಿಂದಿನಿಂದ "ಫೈಲ್ ಎಲ್ಲದ?" ಎಂಬ ಮಾತು ಕೇಳಿಸಿತು. ತಿರುಗಿದರೆ ಶರಣವ್ವ. ಕೂದಲು, ಹುಬ್ಬು, ಹಣೆಯ ಹಚ್ಚೆಯ ಮೇಲೆಲ್ಲ ಸಿಮೆಂಟಿನ ಧೂಳು. ಕೈಯಲ್ಲಿ ಖಾಲಿ ಬುಟ್ಟಿ. ಅವಳು ನನ್ನ ಗುರುತು ಹಿಡಿದ ಹಾಗೆ ನಾನು ಅವಳ ಗುರುತನ್ನು ಎಂದೂ ಹಿಡಿಯುತ್ತಿರಲಿಲ್ಲ.

"ಮಾದೇವಿ ಹೇಗಿದ್ದಾಳೆ?"

"ಎರಡನೇ ಸಂಬಂಧಕ್ಕ ಕೊಟ್ಟೆ. ವಯಸ್ಸಾಗ್ಯದ ಅವಗ. ಉಣ್ಣಾಕ ಹಾಕ್ತಾನ. ನಿಂದು ಮದುವಿ?"

"ಆಗಿಲ್ಲ."

"ಯಾಕ?"

"ಕೂಡಿ ಬರಲಿಲ್ಲ."

"ನಿನಗೂ ಕುರ್ಚಿ ಸಿಗಲಿಲ್ಲೇನು?" ಎಂದು ನಕ್ಕಳು. ಆ ನಗುವಿನಲ್ಲಿ ಕೋಪವಿತ್ತೇ ಎಂದು ಹುಡುಕಿದೆ. ಕಾಣಲಿಲ್ಲ. ಕಂಡಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅಷ್ಟು ವರ್ಷ ಇಟ್ಟುಕೊಂಡಿದ್ದ ಒಂದೇ ಸಮಾಧಾನವನ್ನು ಗಟ್ಟಿ ಮಾಡಿಕೊಳ್ಳೋಣವೆಂದು ಕೇಳಿದೆ. "ಅವತ್ತು ನೀನು ಅಂಗಳದಲ್ಲಿ ಎಲ್ಲರ ಎದುರು ಆ ಕುರ್ಚಿಯ ಮೇಲೆ ಕೂತೆಯಲ್ಲ?"

"ನಾ ಯಾಕ ಕೂಡ್ಲಿ? ಇಟ್ಟು ಓಡಿದೆ, ಗಾಡಿ ತಪ್ಪತಿತ್ತು." ಬುಟ್ಟಿಯನ್ನು ಕಾಲಿನ ಹತ್ತಿರ ಇಟ್ಟಳು. "ಈಗ ನನ್ನ ಪಾಳಿ. ಆ ಕುರ್ಚಿ ನಿಮ್ಮವ್ವನೇ ಕೊಟ್ಟಿದ್ದು, ನಿನಗ ಗೊತ್ತದೇನು? ಮಾದೇವಿನ ನೋಡಾಕ ಬರ್ತಾರ, ಕುಂಡರಸಾಕ ಏನಿಲ್ಲ ಬಾಯಿ ಅಂದೆ. ತಾನೇ ಜಿನಾದ ಕೆಳಗಿಂದ ಎಳದು ಕೊಟ್ಲು. ಮುರಿದದ, ಅವರು ಇದನ್ನ ಕೇಳೂದಿಲ್ಲ, ಒಯ್ಯಿ ಅಂದ್ಲು."

"ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ?"

"ನಿಮ್ಮವ್ವ ತಿರುಗಿ ನೋಡ್ತಾಳಂತ ನಿಂತಿದ್ದೆ. ನೋಡಿದ್ರ ಹೇಳ್ತಿದ್ದೆ. ಬೆನ್ನಿಗೆ ಏನು ಹೇಳೂದು?"

ಕಟ್ಟಡದ ಕೂಲಿಗಳ ಮುಕಾದಮ ಆಚೆಯಿಂದ ಅವಳನ್ನು ಕೂಗಿದ. ಅವಳು ಕೈ ಎತ್ತಿ ಅವನಿಗೆ ತಡೆ ಎಂದಳು. "ನೀ ಎರಡು ಕೇಳಿದಿ. ನಂದು ಇನ್ನೊಂದು ಉಳದದ. ಹಿಂದಿನ ದಿನ ಮನ್ಯಾಗ ಈ ಮಾತು ನೀನೇ ತಗದಿರಬೇಕು. ನಿಮ್ಮವ್ವನ ಮಾರಿ ನಿನ್ನ ಎದುರಿಗೇ ಇದ್ದಿರಬೇಕು. ನಿನಗ ಗೊತ್ತಾಗಿತ್ತೋ ಇಲ್ಲೋ?"

ಬಸ್ಸು ಬಂತು. ಅದರ ಹಿಂದೆಯೇ ಇನ್ನೊಂದು ಬಸ್ಸಿತ್ತು, ಅದೂ ಖಾಲಿ. ನಾನು ಮೊದಲನೆಯದನ್ನು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಸಿಂಬಿ ಸುತ್ತಿ ತಲೆಯ ಮೇಲಿಡುತ್ತಿದ್ದಳು.

ಹದಿನೈದು ದಿನದ ಮೇಲೆ ಧೈರ್ಯ ಮಾಡಿ ಆ ಕಟ್ಟಡಕ್ಕೆ ಹೋದೆ. ಗಾರೆಯವರ ಕೆಲಸ ಮುಗಿದು ಬಣ್ಣದವರು ಬಂದಿದ್ದರು. ಆ ಗುಂಪು ಎಲ್ಲಿಗೆ ಹೋಯಿತೆಂದು ಕಾವಲುಗಾರನಿಗೆ ಗೊತ್ತಿರಲಿಲ್ಲ. ಬೆರಳಿನ ತುದಿ ಇಲ್ಲದ ಹೆಂಗಸು ಎಂದು ಗುರುತು ಹೇಳಿದೆ. "ಅಂಥವರು ಬಹಳ ಜನ ಬಾಯಿ" ಎಂದ.

ಅಮ್ಮ ಈಗ ಡೊಂಬಿವಲಿಯಲ್ಲಿ ಅಣ್ಣನ ಜೊತೆ ಇದ್ದಾಳೆ. ನಾಲ್ಕು ಕುರ್ಚಿಗಳಲ್ಲಿ ಉಳಿದದ್ದು ಮೂರನೆಯದೊಂದೇ. ಉಳಿದವು ತುಕ್ಕು ಹಿಡಿದು ಹೋದವು; ಇದರ ಸರಳಿನ ಕಾಲು ಮಾತ್ರ ಅಲುಗಾಡಿಲ್ಲ. ಅಮ್ಮ ಬಾಲ್ಕನಿಯಲ್ಲಿ ಅದರ ಮೇಲೇ ಕೂತು ತರಕಾರಿ ಹೆಚ್ಚುತ್ತಾಳೆ. ಕಳೆದ ಚೌತಿಗೆ ಹೋದಾಗ ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಶರಣವ್ವನ ಲೆಕ್ಕದ ಪ್ರಕಾರ ಮೊದಲು ನನ್ನದನ್ನು ಹೇಳಬೇಕಿತ್ತು, ಹೇಳಿದೆ. "ಅವತ್ತು ಸೌಟು ನಿಂತದ್ದನ್ನು ನಾನು ನೋಡಿದ್ದೆ ಅಮ್ಮ. ಕುರ್ಚಿ ಕೊಟ್ಟದ್ದು ನೀನೇ ಅಂತ ನನಗೆ ಗೊತ್ತಾಗಿತ್ತು. ಸುಮ್ಮನೆ ಕೂತೆ." ಕೇಳಬೇಕಾದವಳು ಇಲ್ಲದ ಕಡೆ ಹೇಳಿದ ಉತ್ತರ ಅದು. ಆಮೇಲೆ ಕೇಳಿದೆ.

"ಅವಳು 'ಬಾಯೀ' ಅಂತ ಕರೆದಾಗ ನೀನು ಯಾಕೆ ತಿರುಗಿ ನೋಡಲಿಲ್ಲ?"

ಅಮ್ಮ ಬಸಳೆಯ ದಂಟನ್ನು ಬೆರಳುದ್ದಕ್ಕೆ ಮುರಿದು ಮುರಿದು ನೀರಿಗೆ ಹಾಕುತ್ತಿದ್ದಳು. ಕಟ್ಟು ಮುಗಿಯಿತು. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಒಳಗಿಡು ಎಂದಳು. ಇಟ್ಟು ಬಂದು, ಅಲ್ಲೇ ಕೂತೆ. ಅಮ್ಮ ಕುರ್ಚಿಯ ಮೇಲೆ ರೈಲು ಹಳಿಯ ಕಡೆ ತಿರುಗಿ ಕೂತಿದ್ದಳು, ನನಗೆ ಅವಳ ಬೆನ್ನು ಕಾಣುತ್ತಿತ್ತು.